ಊಟದ ಜವಾಬ್ದಾರಿ ಭವ್ಯಳದು

"ಏನ್ರೀ... ಅವಾಗಿಂದ ನನ್ನ ಮುಖಾನ ನೋಡ್ಕೋತ ನಿಂತೀರಲ್ಲ, ಏನು ಕಾಣ್ತೈತಿ ಇಲ್ಲಿ?"

ಭವ್ಯಳ ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಕಂಪ್ಲಿಯ ಆ ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ ಅಕ್ಕಪಕ್ಕದ ಎಲೆಯವರೆಲ್ಲ ತಿರುಗಿ ನೋಡಿದರು. ಸಾರಿನ ಬಕೆಟ್ ಹಿಡಿದಿದ್ದವನು ಬಾಗಿದಲ್ಲೇ ನಿಂತುಬಿಟ್ಟ.

ಎದುರಿಗಿದ್ದವನಿಗೆ ಮೂವತ್ತೈದು ದಾಟಿರಬಹುದು. ಮಡಚಿದ ತೋಳಿನ ಬಿಳಿ ಅಂಗಿ, ಹೆಗಲ ಮೇಲೊಂದು ಟವೆಲ್. ಅವನು ಸಿಟ್ಟಾಗಲಿಲ್ಲ, ನಗಲೂ ಇಲ್ಲ.

"ತಪ್ಪಾತ್ರಿ ಮೇಡಂ. ಎಣ್ಣೆಗಾಯಿ ಹೆಂಗಾಗೈತಿ ಅಂತ ನೋಡಾಕತ್ತಿದ್ದೆ..."

"ಹಂಗಾರ ಬಾಯಿಬಿಟ್ಟು ಕೇಳ್ರಿ! ಹೆಣ್ಮಕ್ಕಳ ಮುಖ ನೋಡಿದ್ರ ಎಣ್ಣೆಗಾಯಿ ಗೊತ್ತಾಗ್ತೈತೇನು?"

ಅವನು ತಲೆ ತಗ್ಗಿಸಿ ಹೊರಟುಹೋದ. ಪಕ್ಕದಲ್ಲಿ ಕುಳಿತಿದ್ದ ತಂಗಿ ಪಲ್ಲವಿ ಅಕ್ಕನ ತೊಡೆ ಚಿವುಟಿದಳು.

"ಅಕ್ಕಾ! ಅವರ ಯಲ್ಲೇಶ್! ಇಲ್ಲಿ ಅಡಿಗಿ ಕಾಂಟ್ರಾಕ್ಟ್ ಅವರದ. ನನ್ನ ಮದುವಿ ಅಡಿಗಿಗೆ ಅವರನ್ನ ನೋಡಾಕಂತನ ನಾವು ಇಲ್ಲಿಗೆ ಬಂದಿದ್ದು!"

ಭವ್ಯಳ ಕಣ್ಣು ಎಲೆಯ ಮೇಲಿತ್ತು. ರೊಟ್ಟಿ ಇಲ್ಲ, ಎಣ್ಣೆಗಾಯಿ ಇಲ್ಲ, ಚಟ್ನಿಪುಡಿಯ ಒಂದು ಕಾಳೂ ಇಲ್ಲ. ಯಾವಾಗ ಉಂಡೆ ಎಂಬುದೇ ಅವಳಿಗೆ ತಿಳಿದಿರಲಿಲ್ಲ.

'ಹಿಂಗ ಉಂಡು ಎಷ್ಟು ಕಾಲ ಆತು...'

*

ಮದುವೆ ಪಲ್ಲವಿಯದು. ಹುಡುಗ ಹಂಪೇಶ್ ಸಂಡೂರಿನವನು, ಶಾಲೆಯಲ್ಲಿ ಮೇಷ್ಟ್ರು. ಪಾಪಿನಾಯಕನಹಳ್ಳಿಯ ಮನೆಯಲ್ಲಿ ಕೆಲಸ ಹಂಚುವ ದಿನ ಎಲ್ಲರೂ ಸೇರಿದ್ದರು. ಭವ್ಯಳ ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಹಾಗಾಗಿ ಹಿರಿತನವೆಲ್ಲ ಅಪ್ಪನ ಅಕ್ಕ ಭೀಮಮ್ಮನದು. ಧಾರೆ ಎರೆಯುವವರೂ ಭೀಮಮ್ಮ ಮತ್ತು ಅವಳ ಗಂಡನೇ.

"ನೋಡವ್ವ ಭವ್ಯ, ಮನಸಿಗೆ ಹಚ್ಚಿಕೋಬ್ಯಾಡ," ಎಂದು ಭೀಮಮ್ಮ ಮಾತು ತೆಗೆದಿದ್ದಳು. "ಅರಿಶಿಣ ಹಚ್ಚೋದು, ಸುರಗಿ ಸುತ್ತೋದು... ಅಲ್ಲೆಲ್ಲ ಮುತ್ತೈದೇರ ಇರ್ಬೇಕು. ನೀ ಊಟದ ಜವಾಬ್ದಾರಿ ತಗೋ. ಅದೂ ದೊಡ್ಡ ಕೆಲಸಾನ. ಓದಿದಾಕಿ ಅದಿ, ಛಲೋ ಅಡಿಗೆಯವರನ್ನ ಹುಡುಕು."

ಪಲ್ಲವಿ ಬಾಯಿ ತೆರೆದಳು. ಭವ್ಯ ಅವಳ ಕೈ ಅದುಮಿದಳು. ತಾಯಿ ದ್ಯಾಮಕ್ಕ, ತಾನೂ ಗಂಡನಿಲ್ಲದವಳು, ಎದ್ದು ಒಳಗೆ ಹೋದಳು.

"ಆತು ಅತ್ತಿ," ಎಂದಿದ್ದಳು ಭವ್ಯ.

ಬಸ್ಸಿನಲ್ಲಿ ವಾಪಸ್ ಹೋಗುವಾಗ ಅವಳಿಗೆ ಹೊಳೆಯಿತು. ಯಾವ ಕಲ್ಯಾಣ ಮಂಟಪದಲ್ಲೇ ಆಗಲಿ, ಅಡುಗೆಮನೆ ಹಿಂದುಗಡೆಯೇ ಇರುತ್ತದೆ. ಅಲ್ಲಿಂದ ವೇದಿಕೆ ಕಾಣುವುದಿಲ್ಲ!

ಅವಳ ಗಂಡ ವಿಜಯಕುಮಾರ್ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿದ್ದ. ಕೊರೋನಾದ ಎರಡನೇ ಅಲೆಯಲ್ಲಿ ನಡೆದುಕೊಂಡೇ ಆಸ್ಪತ್ರೆಗೆ ಹೋದವನು ಮರಳಿ ಬರಲಿಲ್ಲ. ಅವಳು ಅದೇ ಕಾರ್ಖಾನೆಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತ ಕುರೆಕುಪ್ಪದ ಅದೇ ಬಾಡಿಗೆ ಮನೆಯಲ್ಲಿ ಉಳಿದಳು. ಬೆಳಿಗ್ಗೆ ಕ್ಯಾಂಟೀನ್, ಮಧ್ಯಾಹ್ನ ಕ್ಯಾಂಟೀನ್, ಸಂಜೆ ಮೊಸರನ್ನವೋ ಬಿಸ್ಕತ್ತೋ. ಟಿ.ವಿ. ಹಚ್ಚಿದರೆ ಮಾತ್ರ ಆ ಮನೆಯಲ್ಲಿ ಮನುಷ್ಯರ ದನಿ. ಉಂಡೆಯಾ ಎಂದು ಕೇಳುವವರಿಲ್ಲ. ಅವಳೂ ತನ್ನನ್ನು ತಾನು ಕೇಳಿಕೊಳ್ಳುತ್ತಿರಲಿಲ್ಲ.

*

ಯಲ್ಲೇಶ್‌ಗೆ ಬೈದಿದ್ದಕ್ಕೆ ನಾಚಿಕೆಯಾಗಿ ಭವ್ಯ ಮೊದಲು ಬೇರೆಯವರನ್ನು ನೋಡಿದಳು.

ಹೊಸಪೇಟೆಯ ದೊಡ್ಡ ಕೇಟರಿಂಗ್‌ನವರದು ಎ.ಸಿ. ಆಫೀಸು. ಅಲ್ಲಿನ ಮ್ಯಾನೇಜರ್ ಟ್ಯಾಬ್‌ನಲ್ಲಿ ಫೋಟೋ ಸರಿಸುತ್ತ, "ಪಾನಿಪುರಿ ಕೌಂಟರ್, ಲೈವ್ ದೋಸೆ, ಬೀಡಾ ಸ್ಟಾಲ್... ಮಸ್ತ್ ಇರ್ತೈತಿ ಮೇಡಂ" ಎಂದ. ಎಣ್ಣೆಗಾಯಿ ಎಂದಾಗ, "ಅದನ್ನ ಈಗ ಯಾರು ತಿಂತಾರ್ರಿ?" ಎಂದು ನಕ್ಕ. ಸಂಡೂರಿನ ಇನ್ನೊಬ್ಬ ಕಾಂಟ್ರಾಕ್ಟರ್‌ನ ಅಡುಗೆಯಲ್ಲಿ ಪಲ್ಯಕ್ಕೂ ಸಾರಿಗೂ ಒಂದೇ ರುಚಿ. ಕೊನೆಗೆ ಅವಳು ಫೋನ್ ಎತ್ತಿಕೊಂಡಳು.

"ಯಲ್ಲೇಶ್ ಅವರ... ನಾನು ಆವತ್ತು..."

"ಗೊತ್ತಾತ್ರಿ. ಮುಖ ನೋಡಬಾರದು ಅಂದೋರು ನೀವಲ್ರಿ," ಎಂದ ಆ ಕಡೆಯ ದನಿ. ಅದರಲ್ಲಿ ಕುಹಕವಿರಲಿಲ್ಲ. "ಭಾನುವಾರ ಬರ್ರಿ. ಬೇಕಂದ್ರ ಆ ಕಡಿ ತಿರುಗಿ ನಿಂದರ್ತೀನಿ."

ಫೋನ್ ಇಟ್ಟ ಮೇಲೆ ಅವಳ ತುಟಿ ತಾನಾಗಿ ಅರಳಿತ್ತು.

ಅವನ ಅಡುಗೆಯ ಶೆಡ್ಡು ಕಂಪ್ಲಿಯ ಆಚೆ ಕಾಲುವೆ ದಂಡೆಯ ಮೇಲಿತ್ತು. ಸುತ್ತ ಭತ್ತದ ಗದ್ದೆ, ಒಳಗೆ ಸಾಲು ಒಲೆ, ಬೋರಲು ಹಾಕಿದ ಕೊಪ್ಪರಿಗೆಗಳು. ದುರುಗಣ್ಣ ಎಂಬ ವಯಸ್ಸಾದ ಅಡುಗೆಯವರು ಒಲೆಯ ಮುಂದೆ ಕುಳಿತಿದ್ದರು.

"ದುರುಗಣ್ಣ, ಹೊರಗ ತೆಂಗಿನಕಾಯಿ ಬಂದಾವ, ನೋಡ್ಕೊಂಡು ಬಾ," ಎಂದು ಯಲ್ಲೇಶ್ ಅವರನ್ನು ಕಳಿಸಿದ. ಆಮೇಲೆ ಭವ್ಯಳ ಮುಂದೆ ಎಲೆ ಹಾಸಿದ.

"ಕುಂದ್ರಿ. ಪುಂಡಿಸೊಪ್ಪಿನ ಪಲ್ಲೆ ನೋಡ್ರಿ... ಹುಳಿ ಹೆಂಗೈತಿ?"

"ಛಲೋ ಐತಿ."

"ಛಲೋ ಅಂದ್ರ ಸಾಲಂಗಿಲ್ಲ. ಸರಿಯಾಗಿ ಹೇಳ್ರಿ."

ಅವಳು ಕಣ್ಣು ಮುಚ್ಚಿ ಇನ್ನೊಂದು ತುತ್ತು ತಿಂದಳು. "ಹುಳಿ ಮೊದಲ ಬರ್ತೈತಿ, ಬೆಳ್ಳುಳ್ಳಿ ಆಮ್ಯಾಲ ಬರ್ತೈತಿ... ಖಾರ ಗಂಟಲಿಗೆ ಹೋದ ಮ್ಯಾಲ ಗೊತ್ತಾಗ್ತೈತಿ."

ಅವನು ಉಸಿರು ಬಿಗಿಹಿಡಿದು ಕೇಳುತ್ತಿದ್ದ. ತನ್ನ ಮಾತನ್ನು ಯಾರಾದರೂ ಹೀಗೆ ಕೇಳಿ ಎಷ್ಟು ವರ್ಷವಾಯಿತು ಎಂದು ಅವಳಿಗೆ ನೆನಪಾಗಲಿಲ್ಲ.

ಮುಂದಿನ ಭಾನುವಾರವೂ ಅವಳು ಹೋದಳು. ಅದರ ಮುಂದಿನದಕ್ಕೂ. ಮದುವೆಯ ಊಟಕ್ಕೆ ಅಷ್ಟು ಸಲ ರುಚಿ ನೋಡಬೇಕಾಗಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಹೊರಡುವಾಗ ಅವನು ಸ್ಟೀಲ್ ಡಬ್ಬಿಯಲ್ಲಿ ಏನಾದರೂ ಹಾಕಿ ಕೊಡುತ್ತಿದ್ದ. ಸಂಜೆ ಫೋನ್ ಬರುತ್ತಿತ್ತು.

"ಉಂಡ್ರಿ?"

ಅಷ್ಟೇ. ಆ ಒಂದು ಮಾತಿಗೆ ಕುರೆಕುಪ್ಪದ ಆ ಮನೆಯಲ್ಲಿ ಅವಳು ತಟ್ಟೆ ತೊಳೆದು, ದೀಪ ಹಚ್ಚಿ, ಕುಳಿತು ಉಣ್ಣತೊಡಗಿದಳು.

ಒಂದು ಭಾನುವಾರ ಬಾಳೆ ಎಲೆ ಗೊತ್ತುಮಾಡಲು ಇಬ್ಬರೂ ಹಂಪಿಗೆ ಹೋದರು. ಬಂಡೆಗಳ ನಡುವಿನ ತೋಟದಲ್ಲಿ ಬಾಳೆಗಿಡಗಳ ನೆರಳು ತಂಪಾಗಿತ್ತು. ತೋಟದವನು ಎಲೆ ತೋರಿಸಲು ಮುಂದೆ ಹೋದ.

"ನಿಮ್ಮ ಮನ್ಯಾಗ ಯಾರ್ಯಾರು ಅದಾರ?" ಎಂದು ಭವ್ಯ ಕೇಳಿದಳು.

"ಯಾರೂ ಇಲ್ರಿ. ಅವ್ವ ಇದ್ಲು, ಪಕೀರಮ್ಮ ಅಂತ. ಅಡಿಗಿ ಕಲಿಸಿದಾಕಿ ಆಕಿನ. ಈಗ ಆಕಿನೂ ಇಲ್ಲ."

"ಮದುವಿ?"

"ಅಡಿಗಿಯವಂಗ ಹೆಣ್ಣು ಕೊಡಾಕ ಹಿಂದಮುಂದ ನೋಡ್ತಾರ್ರಿ. ಊರಾಗ ಎಲ್ಲರ ಮದುವಿಗೂ ನಾ ಬೇಕು. ನನ್ನ ಮದುವಿಗೆ ಮಾತ್ರ ಒಂದು ಹೆಣ್ಣೂ ಬರ್ಲಿಲ್ಲ!"

ಭವ್ಯ ನಕ್ಕಳು. ನಕ್ಕ ಮೇಲೆ ಬೆಚ್ಚಿದಳು. ಅದು ತನ್ನ ನಗುವೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ.

ಆಮೇಲೆ ಅವಳು ವಿಜಯಕುಮಾರನ ವಿಷಯ ಹೇಳಿದಳು. ಆಸ್ಪತ್ರೆಯವರು ಕೊನೆಗೂ ಮುಖ ತೋರಿಸಲಿಲ್ಲ ಎಂಬುದನ್ನೂ ಹೇಳಿದಳು. ಯಲ್ಲೇಶ್ ಸಮಾಧಾನ ಹೇಳಲು ಹೋಗಲಿಲ್ಲ. ಅವಳು ಮಾತು ಮುಗಿಸುವವರೆಗೆ ಬಂಡೆಯ ಮೇಲೆ ಸುಮ್ಮನೆ ಕುಳಿತಿದ್ದ.

'ಈ ಮನುಷ್ಯ ನನ್ನ ನೋಡ್ತಾನ. ವಿಧವಿ ಅಂತಲ್ಲ, ಪಾಪ ಅಂತಲ್ಲ... ನನ್ನ ನೋಡ್ತಾನ...'

*

ಮದುವೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಗೋಧಿ ಹುಗ್ಗಿಯ ರುಚಿ ನೋಡುವುದೊಂದೇ ಬಾಕಿಯಿತ್ತು. ದುರುಗಣ್ಣ ಎಮ್ಮಿಗನೂರಿನ ನೆಂಟರ ಮನೆಗೆ ಹೋಗಿದ್ದರು. ಭವ್ಯ ಶೆಡ್ಡಿನ ಬಾಗಿಲಿಗೆ ಬಂದವಳೇ ಮೂಗು ಮುಚ್ಚಿಕೊಂಡಳು. ಸೀದ ವಾಸನೆ!

ಒಳಗೆ ಯಲ್ಲೇಶ್ ಸಂಭ್ರಮದಿಂದ ಬಟ್ಟಲಿಗೆ ಹುಗ್ಗಿ ಹಾಕುತ್ತಿದ್ದ. ತಾನೂ ಒಂದು ಚಮಚ ಬಾಯಿಗಿಟ್ಟುಕೊಂಡ. ನಂತರ ಎಂದಿನಂತೆ ಅವಳ ಮುಖ ನೋಡಿದ.

"ಹೆಂಗೈತ್ರಿ?"

ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡಳು. ಅವನ ಕಣ್ಣಲ್ಲಿ ಚೇಷ್ಟೆ ಇರಲಿಲ್ಲ.

"ಯಲ್ಲೇಶ್... ಇದು ತಳ ಹತ್ತೈತಿ. ಬಾಗಲದಾಗ ನಿಂತ್ರ ವಾಸನಿ ಬರಾಕತ್ತೈತಿ. ನಿಮಗ ಗೊತ್ತಾಗ್ಲಿಲ್ಲಾ?"

ಅವನು ಚಮಚವನ್ನು ಬಟ್ಟಲಿನೊಳಗೆ ಇಟ್ಟ.

"ನನಗ ವಾಸನಿ ಬರಂಗಿಲ್ರಿ. ರುಚಿನೂ ಇಲ್ಲ. ಎರಡನೇ ಅಲಿ ಟೈಮಿನ್ಯಾಗ ಹೋಗಿದ್ದು... ತಿರುಗಿ ಬರಲೇ ಇಲ್ಲ."

ಭವ್ಯ ಒಂದು ಹೆಜ್ಜೆ ಹಿಂದೆ ಸರಿದಳು.

"ಅಂದ್ರ... ಇಷ್ಟು ದಿನ ನನ್ನ ಮುಖ ನೋಡ್ತಿದ್ದಿದ್ದು... ಉಪ್ಪು ಸರಿ ಐತೋ ಇಲ್ಲೋ ಅಂತಾ?"

ಅವನು ಬಾಯಿ ತೆರೆದ. ಮತ್ತೆ ಮುಚ್ಚಿದ.

ಭವ್ಯ ಬ್ಯಾಗನ್ನು ಹೆಗಲಿಗೇರಿಸಿದಳು.

"ನನ್ನ ತಂಗಿ ಮದುವಿ ಇದು, ಯಲ್ಲೇಶ್ ಅವರ. ಇದನ್ನ ಮೊದಲ ಹೇಳಬೇಕಿತ್ತು. ಬೇರೆಯವರಿಗೆ ಹೇಳ್ಕೋತೀನಿ ನಾನು."

ಬಸ್ಸಿನ ಕಿಟಕಿಗೆ ತಲೆಯಾನಿಸಿ ಅವಳು ಅತ್ತಳು. 'ನಾ ಹುಚ್ಚಿ! ನಾ ಅವನಿಗೆ ಒಂದು ನಾಲಿಗಿ, ಅಷ್ಟ. ನಾನಲ್ಲದಿದ್ರ ಇನ್ನೊಬ್ಬಾಕಿ... ಯಾರೋ ನನ್ನ ನೋಡ್ತಾರ ಅಂತ ಅನ್ಕೊಂಡ್ನೆಲ್ಲ...'

ಹೊಸಪೇಟೆಯ ಮ್ಯಾನೇಜರ್‌ಗೆ ಫೋನ್ ಮಾಡಿ, ಆ ದಿನ ಖಾಲಿ ಇಟ್ಟುಕೊಳ್ಳಿ, ನಾಳೆ ಖಚಿತ ಹೇಳುತ್ತೇನೆ ಎಂದಳು. ಮರುದಿನವೂ ಹೇಳಲಿಲ್ಲ, ಅದರ ಮರುದಿನವೂ ಹೇಳಲಿಲ್ಲ. ಯಲ್ಲೇಶ್‌ನಿಂದ ಫೋನ್ ಬರಲಿಲ್ಲ. ಅವಳು ಮತ್ತೆ ನಿಂತುಕೊಂಡೇ ಬಿಸ್ಕತ್ತು ತಿನ್ನತೊಡಗಿದಳು. ಮೊದಲೂ ಒಂಟಿಯಾಗಿಯೇ ಇದ್ದಳು. ಆದರೆ ಆಗ ಸಂಜೆಯಾದರೆ ಫೋನಿನ ಕಡೆ ಕಣ್ಣು ಹೋಗುತ್ತಿರಲಿಲ್ಲ.

ಒಂದು ಸಂಜೆ ಫೋನ್ ರಿಂಗಾಯಿತು. ಕೈ ಓಡಿತು. ಅದು ದುರುಗಣ್ಣನ ದನಿ.

"ಯವ್ವಾ, ಹಂಪಿಯಾಗ ಬಾಳಿ ಎಲಿ ಹೇಳಿದ್ರೆಲ್ಲ, ಅವನ್ನ ನಿಮ್ಮ ಹೊಸಾ ಕಾಂಟ್ರಾಕ್ಟರ್ ಕಡಿ ಕಳಿಸ್ಬೇಕೋ, ಬಿಡ್ಬೇಕೋ? ಯಲ್ಲೇಶನ್ನ ಕೇಳಿದ್ರ ಮಾತ ಆಡವಲ್ಲ."

"ದುರುಗಣ್ಣ..." ಅವಳಿಗೆ ತಡೆಯಲಾಗಲಿಲ್ಲ. "ರುಚಿ ಗೊತ್ತಾಗಲಾರದ ಹೆಂಗ ಅಡಿಗಿ ಮಾಡ್ತಾರ ಅವರು?"

"ನಾ ಇಲ್ಲೇನವ್ವ? ಕೊಪ್ಪರಿಗಿ ಇಳಿಸೋಕಿಂತ ಮೊದಲ ಪ್ರತಿಯೊಂದೂ ನಾ ನೋಡ್ತೀನಿ. ಈ ಮಾತು ಎಲ್ಲಾ ಗಿರಾಕಿಗೂ ಮೊದಲ ಹೇಳ್ತಾನ ಅವ, ಮುಚ್ಚಿಡಂಗಿಲ್ಲ. ಪಂಕ್ತಿಯಾಗ ಉಣ್ಣೋರ ಮುಖ ನೋಡೋದು ಅವನ ಚಟ ಖರೆ. ಆದ್ರ ಶೆಡ್ಡಿನ್ಯಾಗ ನಾ ಇರಬೇಕಾದ್ರ ಅವನಿಗೆ ಇನ್ನೊಬ್ಬರ ಮುಖ ಯಾಕ ಬೇಕು? ನೀ ಬಂದಾಗಷ್ಟ ತೆಂಗಿನಕಾಯಿ ಎಣಿಸಾಕ ನನ್ನ ಕಳಿಸ್ತಿದ್ದ! ನಾ ಮುದುಕ, ನನಗ ತಿಳಿಯಂಗಿಲ್ಲ ಅಂದ್ಕೊಂಡಾನ."

ಎಲೆ ಸದ್ಯಕ್ಕೆ ಅಲ್ಲೇ ಇರಲಿ ಎಂದು ಹೇಳಿ ಭವ್ಯ ಫೋನ್ ಇಟ್ಟಳು.

*

ಮರುದಿನ ಅವಳು ರಜೆ ಹಾಕಿ ಕಂಪ್ಲಿಗೆ ಹೋದಳು. ಯಲ್ಲೇಶ್ ಕಾಲುವೆಯ ಮೆಟ್ಟಿಲ ಮೇಲೆ ಪಾತ್ರೆ ತೊಳೆಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಎಲ್ಲಾರಿಗೂ ಹೇಳ್ತೀರಂತ. ನನಗ ಒಬ್ಬಾಕಿಗೆ ಯಾಕ ಹೇಳಲಿಲ್ಲ?"

ಅವನು ಒದ್ದೆ ಕೈಯನ್ನು ಟವೆಲ್ಲಿಗೆ ಒರೆಸಿದ. ಮತ್ತೆ ಮತ್ತೆ ಒರೆಸಿದ.

"ಮೊದಲನೇ ದಿನಾನ ಹೇಳಬೇಕಂತಿದ್ದೆ. ನೀವು ಕಣ್ಣು ಮುಚ್ಚಿ ಪುಂಡಿಪಲ್ಲೆ ಹೆಂಗೈತಿ ಅಂತ ಹೇಳಿದ್ರಿ... ಭವ್ಯ ಅವರ, ವಾಸನಿ ಹೋದ ಮ್ಯಾಲ ಊಟ ನನಗ ಮಣ್ಣು ತಿಂದಂಗ. ಅವ್ವ ಹಾಕಿದ್ದ ಉಪ್ಪಿನಕಾಯಿ ಭರಣಿ ಒಂದು ಮನ್ಯಾಗ ಐತಿ. ದಿನಾ ಮುಚ್ಚಳ ತಗದು ಮೂಸ್ತೀನಿ. ಏನೂ ಇಲ್ಲ... ಆವತ್ತು ನಿಮ್ಮ ಮಾತು ಕೇಳಿ, ನಾನೂ ಉಂಡಂಗಾತು. ಹೇಳಿದ್ರ ನೀವು ಹೆದರಿ ಬಿಟ್ಟುಹೋಗ್ತೀರಿ ಅನ್ಸಿತು. ಆರ್ಡರ್ ಹೋದ್ರ ಹೋಗ್ಲಿ. ನೀವು ಬರೋದು ನಿಂತ್ರ..."

ಅವನು ಬಾಗಿ ಒಂದು ಪಾತ್ರೆಯನ್ನು ಮಗುಚಿಟ್ಟ.

"ಆವತ್ತು ನಾ ಕೇಳಿದಾಗ ಯಾಕ ಸುಮ್ಮನಿದ್ರಿ?"

"ಏನಂತ ಹೇಳ್ಲಿ? ನಿಮ್ಮನ್ನ ನೋಡಾಕಂತನ ನೋಡ್ತಿದ್ದೆ ಅಂತ, ಸೀದ ಹುಗ್ಗಿ ಕೈಯಾಗ ಹಿಡ್ಕೊಂಡು ಹೇಳ್ಲೇನು?"

ಭವ್ಯಳಿಗೆ ಅಳು ಬಂತು, ನಗುವೂ ಬಂತು. ಎರಡನ್ನೂ ನುಂಗಿಕೊಂಡಳು.

"ಪಲ್ಲವಿ ಮದುವಿಗೆ ಅಡಿಗಿ ನೀವ ಮಾಡ್ರಿ. ಆದ್ರ ದುರುಗಣ್ಣ ಒಲಿ ಬಿಟ್ಟು ಕದಲಬಾರದು!"

*

ಪಾಪಿನಾಯಕನಹಳ್ಳಿಯ ಮನೆಯಲ್ಲಿ ಅವಳು ಏನನ್ನೂ ಮುಚ್ಚಿಡಲಿಲ್ಲ. ಭೀಮಮ್ಮ ಎಲೆ ಅಡಿಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಮೂಗಿಲ್ಲದ ಅಡಿಗಿಯವ, ಕುಂಕುಮ ಇಲ್ಲದ ನೀನು! ಭಾಳ ಛಲೋ ಜೋಡಿ ಕೂಡಿತು ನೋಡು ಮದುವಿ ನಡೆಸಾಕ!"

ಎಂದಿನ ಭವ್ಯಳಾಗಿದ್ದರೆ ಎದ್ದು ಹೋಗುತ್ತಿದ್ದಳು.

"ಅತ್ತಿ, ವಾಸನಿ ಬರಲಾರದ್ದು ಅವರ ತಪ್ಪಲ್ಲ. ವಿಜಯ್ ಹೋಗಿದ್ದು ನನ್ನ ತಪ್ಪಲ್ಲ." ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಊಟದ ಜವಾಬ್ದಾರಿ ನನಗ ಕೊಟ್ಟೋರು ನೀವ. ಕೊಟ್ಟ ಮ್ಯಾಲ ನಾ ಹೇಳಿದೋರ ಅಡಿಗಿ ಮಾಡ್ತಾರ."

ಭೀಮಮ್ಮ ಎಲೆ ಅಡಿಕೆ ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು. ಬಾಗಿಲ ಹಿಂದೆ ನಿಂತಿದ್ದ ದ್ಯಾಮಕ್ಕ ಮಗಳನ್ನೇ ನೋಡುತ್ತಿದ್ದಳು.

*

ಮದುವೆಯ ಬೆಳಿಗ್ಗೆ ಹೊಸಪೇಟೆಯ ಮಂಟಪದ ಹಿಂಭಾಗದಲ್ಲಿ ಹೊಗೆ, ಬೆವರು, ಒಗ್ಗರಣೆಯ ಚಟಪಟ. ದುರುಗಣ್ಣ ಪ್ರತಿ ಕೊಪ್ಪರಿಗೆಗೂ ಸೌಟು ಹಾಕಿ ರುಚಿ ನೋಡಿದರು. ಭವ್ಯಳೂ ನೋಡಿದಳು. ಯಲ್ಲೇಶ್ ಇಬ್ಬರ ಮಾತು ಕೇಳಿ ಇಲ್ಲಿ ಉಪ್ಪು, ಅಲ್ಲಿ ಬೆಲ್ಲ ಎನ್ನುತ್ತ ಓಡಾಡಿದ. ಬೆಳಗಿನ ತಿಂಡಿ ತಿಂದವರು ಮಂಡಕ್ಕಿ ಒಗ್ಗರಣೆ ಇನ್ನಷ್ಟು ಬೇಕೆಂದು ಒಳಗೇ ಬಂದು ಕೇಳಿದರು.

ಹೊರಗೆ ವಾದ್ಯ ಜೋರಾಯಿತು. ಮುಹೂರ್ತ ಹತ್ತಿರವಾಗಿತ್ತು. ಭವ್ಯ ಗೋಡೆಯ ಕಡೆ ತಿರುಗಿ ಸುಮ್ಮನೆ ಕೊತ್ತಂಬರಿ ಸೋಸತೊಡಗಿದಳು. ತನ್ನ ಕೈ ಹಿಡಿದು ನಡೆಯಲು ಕಲಿತ ತಂಗಿ ಅಲ್ಲಿ ಹಸೆಯ ಮೇಲೆ...

"ಏಳು."

ದ್ಯಾಮಕ್ಕ ಬಂದು ನಿಂತಿದ್ದಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು.

"ಅವ್ವಾ, ಬ್ಯಾಡ. ಅತ್ತಿ ಏನರ ಅಂತಾಳ..."

"ಅನ್ನಲಿ. ನಿನ್ನ ಮದುವ್ಯಾಗ ನಾ ಹಿಂಗ ಒಲಿ ಮುಂದ ಕುಂತಿದ್ದೆ. ನಿನಗ ತಾಳಿ ಕಟ್ಟಿದ್ದು ನಾ ನೋಡಲಿಲ್ಲ." ದ್ಯಾಮಕ್ಕ ಮಗಳ ಕೈಗೆ ಅಂಟಿದ ಕೊತ್ತಂಬರಿಯನ್ನು ತನ್ನ ಹೊಸ ಸೆರಗಿನಿಂದಲೇ ಒರೆಸಿದಳು. "ಇದೊಂದ ಉಳಿದೈತಿ. ಇದನ್ನ ನೋಡೇ ನೋಡ್ತೀನಿ. ನೀನೂ ಬಾ."

ಭವ್ಯ ಹಿಂತಿರುಗಿ ನೋಡಿದಳು. ಯಲ್ಲೇಶ್ ಸೌಟು ಹಿಡಿದೇ ನಿಂತಿದ್ದ.

"ಹೋಗ್ರಿ. ಇಲ್ಲಿ ನಾ ಅದೀನಿ," ಎಂದ.

ತಾಯಿ ಮಗಳು ವೇದಿಕೆ ಹತ್ತಿದಾಗ ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಪಲ್ಲವಿ ಅಕ್ಕನನ್ನು ಕಂಡು ಬಾಸಿಂಗದ ಕೆಳಗೇ ಅತ್ತುಬಿಟ್ಟಳು. ಭೀಮಮ್ಮ ಒಂದು ಕ್ಷಣ ಬಿಗಿಯಾಗಿ ನಿಂತಿದ್ದಳು. ಆಮೇಲೆ ಒಂದು ಹೆಜ್ಜೆ ಸರಿದು ಜಾಗ ಬಿಟ್ಟಳು. ತಾಳಿ ಕಟ್ಟುವಾಗ ದ್ಯಾಮಕ್ಕ ಎಲ್ಲರಿಗಿಂತ ಮುಂದೆ ನಿಂತು ಅಕ್ಕಿಕಾಳು ಹಾಕಿದಳು. ಭವ್ಯ ಅವಳ ಪಕ್ಕದಲ್ಲಿದ್ದಳು.

*

ಕೊನೆಯ ಪಂಕ್ತಿ ಎದ್ದಾಗ ಮಧ್ಯಾಹ್ನ ಇಳಿದಿತ್ತು. ಹೆಣ್ಣು ಒಪ್ಪಿಸುವ ಶಾಸ್ತ್ರ ಮುಗಿದು ಪಲ್ಲವಿ ಸಂಡೂರಿನ ಕಾರು ಹತ್ತಿದ್ದಳು. ಖಾಲಿ ಹಾಲ್‌ನಲ್ಲಿ ಫ್ಯಾನುಗಳು ಸುಮ್ಮನೆ ತಿರುಗುತ್ತಿದ್ದವು. ಭವ್ಯ ಒಂದು ಕುರ್ಚಿಯಲ್ಲಿ ಒಬ್ಬಳೇ ಕುಳಿತಳು. ನಾಳೆ ಮತ್ತೆ ಕುರೆಕುಪ್ಪ. ಮತ್ತೆ ಟಿ.ವಿ. ದನಿ...

ಯಲ್ಲೇಶ್ ಎರಡು ಎಲೆ ಹಾಸಿದ. ಒಂದು ಅವಳಿಗೆ, ಪಕ್ಕದಲ್ಲಿ ಒಂದು ತನಗೆ. ಇಬ್ಬರೂ ಅಕ್ಕಪಕ್ಕ ಕುಳಿತು ಉಂಡರು. ಕೈ ತೊಳೆದು ಬಂದ ಮೇಲೆ ಅವನು ಕುರ್ಚಿಯ ಬೆನ್ನು ಹಿಡಿದು ನಿಂತ.

"ಭವ್ಯ..." ಮೊದಲ ಸಲ ಬರೀ ಹೆಸರು ಬಂದಿತ್ತು. "ನಿಮ್ಮ ಅವ್ವಾರ ಹತ್ರ ಮಾತಾಡಾಕ ಹಿರ್ಯಾರು ಬೇಕು. ನನಗ ಹಿರ್ಯಾರು ಅಂತ ಇರೋದು ದುರುಗಣ್ಣ ಒಬ್ಬನ. ಅವನ್ನ ಕಳಿಸ್ಲೇನು?"

"ಅವ್ವನ್ನ ಕೇಳೋಕಿಂತ ಮೊದಲ ನನ್ನ ಕೇಳ್ಬೇಕಲ್ರಿ?"

"ಕೇಳಿದೆ ಅಂತ ತಿಳ್ಕೋರಿ."

"ಹಂಗ ತಿಳ್ಕೊಳ್ಳಂಗಿಲ್ಲ ನಾನು."

"ನನ್ನ ಜೊತಿ ಇರ್ತೀರೇನು ಭವ್ಯ? ಇಬ್ಬರೂ ಕೂಡಿ ಒಂದ ಮನ್ಯಾಗ..."

ಅವಳು ತಿರುಗಿ ಹೊರಗೆ ನೋಡಿದಳು. ಕಿಟಕಿಯಾಚೆ ಕೊಪ್ಪರಿಗೆಗಳನ್ನು ಲಾರಿಗೆ ಹೇರುವ ಸದ್ದು ಕೇಳುತ್ತಿತ್ತು.

"ವಿಜಯ್ ಫೋಟೋ ನನ್ನ ಜೊತಿಗೇ ಬರ್ತೈತಿ. ಯಾರು ಏನಂದ್ರೂ ಅದನ್ನ ನಾ ಪೆಟ್ಟಿಗ್ಯಾಗ ಇಡಂಗಿಲ್ಲ."

"ಇಡಬ್ಯಾಡ್ರಿ," ಎಂದ ಯಲ್ಲೇಶ್. "ಗ್ವಾಡಿ ತೋರಿಸ್ರಿ. ಮೊಳಿ ನಾ ಹೊಡಿತೀನಿ."

ಭವ್ಯಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಹೋಗಲಿಲ್ಲ.

"ಹಂಗಾರ... ದುರುಗಣ್ಣನ್ನ ಕಳಿಸ್ರಿ."